ಬೋರ್ಡು ಆನ್ ಆಗಲಿಲ್ಲ ಅಂದ್ರ ಮೊದಲು ಯಾರನ್ನ ಬೈಬೇಕು?

ಭಾಗ 1/8

ಉತ್ತರ ಮೊದಲೇ ಹೇಳಿಬಿಡ್ತೀನಿ. ಯಾರನ್ನೂ ಬೈಬ್ಯಾಡ್ರಿ. ಮೊದಲು ಬೋರ್ಡಿನ ಹಿಂದೆ ಚುಚ್ಚಿರೋ ಯುಎಸ್‌ಬಿ ಎಲ್ಲಾ ಕೀಳ್ರಿ. ಆಮೇಲೂ ಬೈಯೋದು ಉಳಿದಿದ್ರ ಬೈರಿ.

ಹೋದ ವಾರ ಸ್ಟೋರಿಯಲ್ಲಿ ಲೈಟಿಂಗ್ ಬೋರ್ಡಿನ ಫೋಟೋ ಹಾಕಿದ್ದೆ. ಕ್ಲಾಸಿನವರೇ ಏಳೆಂಟು ಮಂದಿ ಮೆಸೇಜ್ ಮಾಡಿದ್ರು, "ಬಿಕಾಂ ಓದೋನಿಗೆ ಅಲ್ಲೇನ್ ಕೆಲಸಲೇ?" ಅಂತ. ಕೆಲಸ ಐತಿ. ಗಂಗಾವತಿಯ ಒಬ್ಬ ಸೌಂಡ್-ಲೈಟ್ ಮಾಲೀಕರಿಗೆ ಭಾನುವಾರ ಲೆಕ್ಕ ಬರೆದುಕೊಡ್ತೀನಿ. ಬಾಡಿಗೆ ಬಿಲ್ಲು, ಜಿಎಸ್‌ಟಿ, ಡೀಸೆಲ್ ಖರ್ಚು, ಹುಡುಗರ ಪಗಾರ ಎಲ್ಲಾ ನನ್ನ ಕೈಬರಹದಾಗ ಇರುತ್ತೆ. ಸೀಸನ್‌ನಲ್ಲಿ ಆಳು ಕಡಿಮೆ ಬಿದ್ರ ಕೇಬಲ್ ಎಳೆಯೋಕೂ ಹೋಗ್ತೀನಿ. ನನ್ನ ಕಾಲೇಜ್ ಫೀ ಬರೋದು ಅಲ್ಲಿಂದಲೇ.

ನಮ್ಮ ಜಿಲ್ಲೆಯಲ್ಲಿ ಲೈಟಿನ ಕೆಲಸ ಅಂದ್ರ ಸಣ್ಣದಲ್ಲ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ. ಆನೆಗೊಂದಿ ಉತ್ಸವ, ಕನಕಗಿರಿ ಉತ್ಸವ, ಹೊಳೆ ದಾಟಿದ್ರ ಹಂಪಿ ಉತ್ಸವ. ಅವೆಲ್ಲ ದೊಡ್ಡ ಕಂಪನಿಗಳ ಪಾಲು. ನಮ್ಮಂಥವರ ಹೊಟ್ಟೆ ತುಂಬಿಸೋದು ಕುಷ್ಟಗಿ, ಯಲಬುರ್ಗಾ ಕಡೆಯ ಊರ ಜಾತ್ರೆಗಳು: ರಾತ್ರಿ ಸಾಮಾಜಿಕ ನಾಟಕ, ಮರುದಿನ ರಸಮಂಜರಿ, ನಡುವೆ ಎರಡು ಮದುವೆ.

ಈ ಸರಣಿ ಅಂಥ ಒಂದು ನಾಟಕದ ರಾತ್ರಿ ಬಗ್ಗೆ. ಬೋರ್ಡು ಆನ್ ಆಗಲಿಲ್ಲ. ಒಬ್ಬ ಹುಡುಗನ ಪಗಾರ ಹೋಗೋದಿತ್ತು. ಕಾರಣ ಏನು ಅಂತ ಹುಡುಕಿದ ದಾರಿಯನ್ನ ಹೆಜ್ಜೆ ಹೆಜ್ಜೆ ಬರೀತೀನಿ. ಲೈಟ್ ಕೆಲಸಕ್ಕೆ ಹೋಗೋರು ಸೇವ್ ಮಾಡ್ಕೊಳ್ರಿ. ಹೋಗದವರೂ ಓದ್ರಿ, ನಿಮ್ಮ ಲ್ಯಾಪ್‌ಟಾಪಿಗೂ ಇದೇ ರೋಗ ಬರುತ್ತೆ.

ಭಾಗ 2/8

ಮೊದಲು ಬೋರ್ಡು ಅಂದ್ರ ಏನು ಅಂತ ತಿಳ್ಕೊಳ್ರಿ.

ಸ್ಟೇಜ್ ಎದುರಿಗೆ, ಮಂದಿ ನಡುವೆ ಒಂದು ಟೇಬಲ್ ಹಾಕಿ, ಸಾಲಾಗಿ ಫೇಡರ್, ಬಟನ್, ಟಚ್ ಸ್ಕ್ರೀನ್ ಇರೋ ಪೆಟ್ಟಿಗೆ ಇಟ್ಕೊಂಡು ಒಬ್ಬ ಕೂತಿರ್ತಾನಲ್ಲ, ಅದೇ ಲೈಟಿಂಗ್ ಕನ್ಸೋಲ್. ನಮ್ಮ ಕಡೆ ಎಲ್ಲರೂ ಬೋರ್ಡು ಅಂತೀವಿ. ಪಾರ್ ಲೈಟು, ಶಾರ್ಪಿ, ಸ್ಮೋಕ್ ಮಷಿನ್ ಎಲ್ಲಾ ಇದರ ಮಾತು ಕೇಳ್ತಾವ. ಮಾತಾಡೋ ಭಾಷೆ ಡಿಎಂಎಕ್ಸ್512. ಅಮೆರಿಕದ ರಂಗತಂತ್ರಜ್ಞರ ಸಂಸ್ಥೆ ಯುಎಸ್‌ಐಟಿಟಿ 1986ರಲ್ಲಿ ರೂಪಿಸಿದ್ದು. ಒಂದು ಕೇಬಲ್ ಸಾಲಿನಲ್ಲಿ 512 ಚಾನೆಲ್. ಹಂಗಾಗೇ ಹೆಸರಿನಲ್ಲಿ ಆ ಸಂಖ್ಯೆ.

ಬಟನ್ ನೋಡಿ ಇದನ್ನ ಮಿಕ್ಸರ್ ಅಂತ ತಿಳಿಬ್ಯಾಡ್ರಿ. ಈಗಿನ ಬಹಳಷ್ಟು ಬೋರ್ಡುಗಳ ಹೊಟ್ಟೆಯಲ್ಲಿ ಇರೋದು ಪೂರ್ತಿ ಕಂಪ್ಯೂಟರ್. ಮದರ್‌ಬೋರ್ಡ್, ರ‍್ಯಾಮ್, ಡಿಸ್ಕ್, ಕೆಲವದರಲ್ಲಿ ವಿಂಡೋಸ್, ಕೆಲವದರಲ್ಲಿ ಲಿನಕ್ಸ್. ನಮ್ಮದರಲ್ಲಿ ವಿಂಡೋಸ್. (ಕಾಮರ್ಸ್ ಮಂದಿಗೆ ಒಂದು ಪ್ರಶ್ನೆ: ಆದಾಯ ತೆರಿಗೆ ಲೆಕ್ಕದಲ್ಲಿ ಕಂಪ್ಯೂಟರ್‌ಗೆ ಸವಕಳಿ ಶೇ. 40, ಸಾಮಾನ್ಯ ಯಂತ್ರಕ್ಕೆ ಶೇ. 15. ಹಂಗಾದ್ರ ಬೋರ್ಡು ಯಾವ ಬ್ಲಾಕಿಗೆ? ಕಾಮೆಂಟಿನ್ಯಾಗ ಜಗಳ ಆಡ್ರಿ.)

ಸ್ವಿಚ್ ಒತ್ತಿದ ಮೇಲೆ ಅದು ಐದು ಮೆಟ್ಟಿಲು ಹತ್ತುತ್ತೆ:

1. ಕರೆಂಟ್ ಒಳಗೆ ಬರೋದು. ಫ್ಯಾನ್ ಸದ್ದು, ದೀಪ.
2. ಬಯೋಸ್ ಏಳೋದು. ಲೋಗೋ ಕಾಣುತ್ತೆ, ಯಾವ ಡಿಸ್ಕಿನಿಂದ ಶುರು ಮಾಡಬೇಕು ಅಂತ ಪಟ್ಟಿ ನೋಡುತ್ತೆ.
3. ವಿಂಡೋಸ್ ಅಥವಾ ಲಿನಕ್ಸ್ ಬರೋದು.
4. ಲೈಟಿಂಗ್ ಸಾಫ್ಟ್‌ವೇರ್ ತೆರೆದು ಶೋ ಫೈಲ್ ಓದೋದು.
5. ಡಿಎಂಎಕ್ಸ್ ಹೊರಗೆ ಹೋಗಿ ಲೈಟು ಹತ್ತೋದು.

"ಬೋರ್ಡು ಹಾಳಾತು" ಅನ್ನೋದು ರೋಗದ ಹೆಸರಲ್ಲ. ಯಾವ ಮೆಟ್ಟಿಲಲ್ಲಿ ನಿಂತಿದೆ ಅನ್ನೋದೇ ಅರ್ಧ ಉತ್ತರ. ಫ್ಯಾನೇ ತಿರುಗಲಿಲ್ಲ ಅಂದ್ರ ಪವರ್ ನೋಡ್ರಿ. ಲೋಗೋ ದಾಟಲಿಲ್ಲ ಅಂದ್ರ ಡಿಸ್ಕು. ಎಲ್ಲಾ ತೆರೆದು ಲೈಟು ಮಾತ್ರ ಹತ್ತಲಿಲ್ಲ ಅಂದ್ರ ಬೋರ್ಡು ಬಿಡ್ರಿ, ಕೇಬಲ್ ಹಿಡೀರಿ.

ಭಾಗ 3/8

ಸಂಕ್ರಾಂತಿ ಆದ ಮೇಲಿನ ಮೊದಲ ಕೆಲಸ ಅದು. ಯಲಬುರ್ಗಾ ತಾಲೂಕಿನ ಒಂದು ಊರು. ನಾಟಕ ರಾತ್ರಿ 10ಕ್ಕೆ. ಊರ ಹುಡುಗರೇ ಎರಡು ತಿಂಗಳು ರಿಹರ್ಸಲ್ ಮಾಡಿದ ನಾಟಕ. ಹೆಣ್ಣು ಪಾತ್ರಕ್ಕೆ ಕಲಾವಿದೆಯರನ್ನ ದುಡ್ಡು ಕೊಟ್ಟು ಕರೆಸಿದ್ರು. ಮನೆ ಮನೆಯಿಂದ ಪಟ್ಟಿ ಎತ್ತಿದ ದುಡ್ಡು. ಎದುರಿಗೆ ತಾಡಪಾಲು ಹಾಸಿ ಆಗಲೇ ಮಂದಿ ಕೂತಾಗಿತ್ತು, ಅಜ್ಜಿಯರು ಕೌದಿ ಸಮೇತ.

ನಮ್ಮ ದೊಡ್ಡ ಆಪರೇಟರ್ ಅಣ್ಣ ಅವತ್ತು ಕೊಪ್ಪಳದ ಕೆಲಸಕ್ಕೆ ಹೋಗಿದ್ರು. ಬೋರ್ಡಿಗೆ ಮಾಲೀಕರೇ ಕೂತಿದ್ರು. ಜೊತೆಗೆ ನಾನು, ಇನ್ನೂ ಮೂರು ಜನ. ಅವರಲ್ಲಿ ಒಬ್ಬ ಎಲ್ಲರಿಗಿಂತ ಸಣ್ಣವ, ಹೋದ ವರ್ಷ ಪಿಯುಸಿ ಬಿಟ್ಟು ಬಂದವ. ಹೆಸರು ಬರೆಯಲ್ಲ, ತಮ್ಮ ಅಂತೀನಿ.

8:40ಕ್ಕೆ ಬೋರ್ಡು ಆನ್ ಮಾಡಿದ್ವಿ. ಫ್ಯಾನ್ ತಿರುಗಿತು. ಲೋಗೋ ಬಂತು. ಆಮೇಲೆ ಸ್ಕ್ರೀನ್ ಕಪ್ಪಗಾಗಿ ಮೂಲೆಯಲ್ಲಿ ಬಿಳಿ ಅಕ್ಷರ: ಬೂಟ್‌ಎಂಜಿಆರ್ ಈಸ್ ಮಿಸ್ಸಿಂಗ್. ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ ಮತ್ತೆ ಶುರು ಮಾಡು ಅಂತ.

ಮಾಲೀಕರ ಮುಖ ನೋಡಬೇಕಿತ್ತು. "ವಿಂಡೋಸ್ ಹೋತಲೇ!"

ಅವರ ಹೆದರಿಕೆ ಸುಳ್ಳಲ್ಲ. ಬೋರ್ಡಿನ ಸಾಲದ ಕಂತು ಇನ್ನೂ ನಡೀತಿದೆ, ಆ ಕಂತು ಪ್ರತಿ ತಿಂಗಳು ಬರೆಯೋನು ನಾನೇ. ವಿಂಡೋಸ್ ಹೋಗಿದ್ರ ಬೋರ್ಡು ಬೆಂಗಳೂರಿಗೆ ಹೋಗಬೇಕು. ಮುಂದಿನ ನಾಲ್ಕು ಕೆಲಸಕ್ಕೆ ಬೇರೆ ಬೋರ್ಡು ಬಾಡಿಗೆ ತರಬೇಕು. ಅವತ್ತಿನ ರಾತ್ರಿಗೆ ಗಂಗಾವತಿಯಿಂದ ತರಿಸೋಣ ಅಂದ್ರ ದಾರಿಯೇ ಎರಡು ತಾಸು.

ಅಷ್ಟರಲ್ಲಿ ಅವರ ಕಣ್ಣು ಮುಂದಿನ ಪೋರ್ಟಿಗೆ ಬಿತ್ತು. ಒಂದು ಪೆನ್‌ಡ್ರೈವ್.

"ಇದನ್ನ ಯಾರ್ ಹಾಕಿದ್ರು?"

"ನಾನ್ರಿ ಅಣ್ಣಾರ" ಅಂದ ತಮ್ಮ. "ಆಪರೇಟರ್ ಅಣ್ಣ ಶೋ ಫೈಲ್ ಕೊಟ್ಟು ಕಳಿಸಿದ್ರು, ಹಾಕಿಡು ಅಂದಿದ್ರು."

"ವೈರಸ್ ಹಾಕಿ ಬೋರ್ಡು ತಿಂದಿ ಮಗನ! ಈ ತಿಂಗಳ ಪಗಾರ ಮರ್ತುಬಿಡು."

ಭಾಗ 4/8

ಅಕೌಂಟ್ಸ್ ಓದಿದವರಿಗೆ ಒಂದು ಮಾತು ಗೊತ್ತು. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗಲಿಲ್ಲ, ವ್ಯತ್ಯಾಸ ಎಲ್ಲಿದೆ ಸಿಗವಲ್ದು ಅಂದಾಗ ಆ ಮೊತ್ತವನ್ನ ತಾತ್ಕಾಲಿಕವಾಗಿ ಸಸ್ಪೆನ್ಸ್ ಖಾತೆಗೆ ಹಾಕ್ತೀವಿ. ತಪ್ಪು ಸಿಕ್ಕ ಮೇಲೆ ಅಲ್ಲಿಂದ ತೆಗೀತೀವಿ.

ಕೆಲಸದ ಜಾಗದಲ್ಲಿ ಎಲ್ಲರಿಗಿಂತ ಸಣ್ಣ ಹುಡುಗನೇ ಸಸ್ಪೆನ್ಸ್ ಖಾತೆ. ಕಾರಣ ಸಿಗದ ವ್ಯತ್ಯಾಸವೆಲ್ಲ ಅವನ ಹೆಸರಿಗೆ. ವ್ಯತ್ಯಾಸ ಏನಂದ್ರ, ಆಮೇಲೆ ಅಲ್ಲಿಂದ ತೆಗೆಯೋರು ಯಾರೂ ಇರಲ್ಲ.

ಮಾಲೀಕರು ಪೆನ್‌ಡ್ರೈವ್ ಕಿತ್ತು ಮತ್ತೆ ಆನ್ ಮಾಡಿದ್ರು. ಅದೇ ಕಪ್ಪು, ಅದೇ ಬಿಳಿ ಅಕ್ಷರ. ಮತ್ತೆ ಆಫ್, ಮತ್ತೆ ಆನ್. ಅದೇ. "ನೋಡು, ತೆಗೆದರೂ ಬರವಲ್ದು. ಒಳಗೆ ವೈರಸ್ ಹೊಕ್ಕಿ ಕುಂತೈತಿ" ಅಂದ್ರು.

ಇಲ್ಲಿ ಸ್ವಲ್ಪ ನಿಂತು ಯೋಚನೆ ಮಾಡ್ರಿ. ಪೆನ್‌ಡ್ರೈವ್ ಇದ್ದಾಗ ಬರಲಿಲ್ಲ, ತೆಗೆದಾಗಲೂ ಬರಲಿಲ್ಲ. ಇದರಿಂದ ಪೆನ್‌ಡ್ರೈವಿನ ಮೇಲೆ ಸಂಶಯ ಹೆಚ್ಚಾಗಬೇಕೋ, ಕಡಿಮೆ ಆಗಬೇಕೋ? ಕಡಿಮೆ. ಆದ್ರ ಹೆದರಿಕೆ ಇದ್ದಾಗ ಲೆಕ್ಕ ಉಲ್ಟಾ ನಡೆಯುತ್ತೆ.

ನಾನು ಹೇಳಿದ್ದು ಇಷ್ಟೇ: "ಅಣ್ಣಾರ, ಆನ್-ಆಫ್ ಮಾಡಬ್ಯಾಡ್ರಿ, ಒಳಗಿನ ಡಿಸ್ಕಿಗೆ ಪೆಟ್ಟು. ಹತ್ತು ನಿಮಿಷ ಕೊಡ್ರಿ. ಅಷ್ಟರಾಗ ಸ್ಟೇಜಿಗೆ ಬೆಳಕು ಮಾಡ್ತೀವಿ."

ತಮ್ಮನ ಕಡೆ ನೋಡಿದೆ. ಅಳೋ ಮುಖ ಮಾಡ್ಕೊಂಡೇ ಟ್ರಸ್ ಏರಿದ. ಎಲ್‌ಇಡಿ ಪಾರ್ ಲೈಟಿನ ಹಿಂದೆ ಸಣ್ಣ ಮೆನು ಇರುತ್ತೆ. ಡಿಎಂಎಕ್ಸ್ ಬಿಟ್ಟು ಸ್ಥಿರ ಬಣ್ಣಕ್ಕೆ ಹಾಕಿದ್ರ ಬೋರ್ಡೇ ಇಲ್ಲದೆ ಹತ್ತುತ್ತೆ. ಎಂಟು ಪಾರ್ ಒಂದೊಂದಾಗಿ ಬೆಳ್ಳಗೆ ಹತ್ತಿಸಿದ. ಸ್ಟೇಜ್ ಕಂಡಿತು. ಕಮಿಟಿಯ ಹಿರಿಯರು ನಮ್ಮ ಟೇಬಲ್ ಕಡೆ ಬರ್ತಿದ್ದವರು ಅರ್ಧ ದಾರಿಗೆ ತಿರುಗಿ ಹೋದ್ರು. ಅದೇ ಊರಲ್ಲಿ ಒಂದು ಕಾಲಕ್ಕೆ ಬಯಲಾಟ ಬೆಳತನಕ ಗ್ಯಾಸ್ ಬತ್ತಿಯಲ್ಲಿ ನಡೀತಿತ್ತಂತೆ. ಎಂಟು ಬಿಳಿ ಲೈಟಿದ್ರ ನಾಟಕ ನಿಲ್ಲಲ್ಲ.

ಇದನ್ನ ಬರೆದಿಟ್ಕೊಳ್ರಿ: ರಿಪೇರಿಗಿಂತ ಮೊದಲು ಸ್ಟೇಜಿಗೆ ಬೆಳಕು. ಬೆಳಕಿದ್ರ ಮಂದಿ ಕಾಯ್ತಾರ, ನಿಮ್ಮ ತಲೆಯೂ ಓಡುತ್ತೆ.

ಭಾಗ 5/8

ಈಗ ಹುಡುಕೋ ಕೆಲಸ.

ಮೊದಲ ಮೆಟ್ಟಿಲು, ಪವರ್. ಜನರೇಟರ್ ವೋಲ್ಟೇಜ್ ಮೀಟರ್ ಹಿಡಿದು ನೋಡಿದ್ವಿ, ಸರಿ ಇತ್ತು. ಬೋರ್ಡಿನ ಫ್ಯಾನೂ ತಿರುಗುತ್ತಿತ್ತು. ದಾಟಿದ್ವಿ.

ಎರಡನೇ ಮೆಟ್ಟಿಲಲ್ಲಿ ನಿಂತಿದೆ. ಇಲ್ಲಿ ಒಂದೇ ನಿಯಮ: ಪೂರ್ತಿ ಆಫ್ ಮಾಡು, ಬೋರ್ಡಿಗೆ ಅಂಟಿರೋದೆಲ್ಲ ಬಿಚ್ಚು, ಬರೇ ಬೋರ್ಡು ಆನ್ ಮಾಡು. ಎಲ್ಲಾ ಅಂದ್ರ ಎಲ್ಲಾ. ಡಿಎಂಎಕ್ಸ್ ಕೇಬಲ್, ನೆಟ್‌ವರ್ಕ್ ಕೇಬಲ್, ಯುಎಸ್‌ಬಿ ದೀಪ, ಕೀಬೋರ್ಡ್, ಹಬ್.

ಒಂದೊಂದಾಗಿ ಬಿಚ್ಚುತ್ತಾ ಬೋರ್ಡಿನ ಹಿಂಭಾಗಕ್ಕೆ ಕೈ ಹಾಕಿದೆ. ಕಪ್ಪು ಟೇಪ್ ಸುತ್ತಿ ಅಂಟಿಸಿದ ಒಂದು ಪೆಟ್ಟಿಗೆ ಸಿಕ್ಕಿತು. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ಹಳೇ ಶೋ ಫೈಲ್‌ಗಳ ಬ್ಯಾಕಪ್ ಇರ್ಲಿ ಅಂತ ಮಾಲೀಕರೇ ಮೂರು ವರ್ಷದ ಹಿಂದೆ ಅಂಟಿಸಿದ್ದು. ಯಾವಾಗಲೂ ಅಲ್ಲೇ ಇರೋದ್ರಿಂದ ಅದು ಯಾರ ಕಣ್ಣಿಗೂ "ಹೊರಗಿಂದು" ಅನ್ನಿಸಿರಲಿಲ್ಲ.

ಅದನ್ನೂ ಕಿತ್ತೆ. ಬೋರ್ಡು ಆನ್ ಮಾಡಿದ್ವಿ. ಲೋಗೋ. ಕಪ್ಪು. ನಾಲ್ಕು ಎಣಿಸೋದ್ರೊಳಗೆ ವಿಂಡೋಸ್. ಆಮೇಲೆ ಸಾಫ್ಟ್‌ವೇರ್. 9:20.

ಪೂರ್ತಿ ಎದ್ದ ಮೇಲೆ ಅದೇ "ವೈರಸ್" ಪೆನ್‌ಡ್ರೈವ್ ಹಾಕಿ, ಅದರಲ್ಲಿದ್ದ ಶೋ ಫೈಲ್ ತೆರೆದ್ವಿ. ನಾಟಕ ಹತ್ತೂ ಕಾಲಿಗೆ ಶುರು ಆತು.

ಹಂಗಾದ್ರ ಆ ಬಿಳಿ ಅಕ್ಷರ ಸುಳ್ಳು ಹೇಳಿತಾ? ಇಲ್ಲ. ಖರೇನೇ ಹೇಳಿತ್ತು. ಆ ಹಾರ್ಡ್ ಡಿಸ್ಕ್ ಮೊದಲು ಒಂದು ಹಳೇ ಲ್ಯಾಪ್‌ಟಾಪಿನ ಒಳಗಿದ್ದದ್ದು. ಲ್ಯಾಪ್‌ಟಾಪ್ ಸತ್ತ ಮೇಲೆ ಡಿಸ್ಕಿಗೆ ಹೊರಗಿನ ಕೇಸ್ ಹಾಕಿಸಿದ್ರು. ಒಳಗಿನ ವಿಂಡೋಸ್ ಫೈಲ್ ಅಳಿಸಿದ್ರು, ಆದ್ರ "ನನ್ನಿಂದ ಶುರು ಮಾಡು" ಅನ್ನೋ ಬೂಟ್ ಗುರುತು ಹಂಗೇ ಉಳಿದಿತ್ತು. ಬೋರ್ಡು ಆ ಡಿಸ್ಕಿನ ಬಾಗಿಲು ಬಡಿದಿದೆ, ಗುರುತು ಸಿಕ್ಕಿದೆ, ಒಳಗೆ ಬೂಟ್ ಮ್ಯಾನೇಜರ್ ಇಲ್ಲ. ಅದಕ್ಕೇ "ಕಾಣೆಯಾಗಿದೆ" ಅಂದಿದೆ.

ಕಾಣೆಯಾಗಿದ್ದು ಆ ಡಿಸ್ಕಿಂದು. ನಾವು ಓದಿಕೊಂಡಿದ್ದು ಬೋರ್ಡಿಂದು ಅಂತ. ಮೆಸೇಜ್‌ನಲ್ಲಿ ತಪ್ಪಿರಲಿಲ್ಲ, ಯಾರ ಬಗ್ಗೆ ಅನ್ನೋದು ಮಾತ್ರ ಬರೆದಿರಲಿಲ್ಲ.

ಭಾಗ 6/8

ಇನ್ನೂ ಮುಗಿದಿಲ್ಲ. ಮಾಲೀಕರು ಕೇಳಿದ ಪ್ರಶ್ನೆ ಸರಿಯಾಗೇ ಇತ್ತು:

"ಮೂರು ವರ್ಷದಿಂದ ಆ ಡಿಸ್ಕು ಅಲ್ಲೇ ಐತಿ. ದಿನಾ ಬೋರ್ಡು ಚಾಲೂ ಆಗಿತ್ತು. ಇವತ್ತೇ ಯಾಕ?"

ಈ ಪ್ರಶ್ನೆಗೆ ಉತ್ತರ ಸಿಗದಿದ್ರ ಮತ್ತೆ ಬೊಟ್ಟು ತಮ್ಮನ ಕಡೆಗೇ ತಿರುಗ್ತಿತ್ತು. "ಇವತ್ತು ಹೊಸದಾಗಿ ಆಗಿದ್ದು ಅಂದ್ರ ಪೆನ್‌ಡ್ರೈವ್ ಒಂದೇ" ಅನ್ನೋ ವಾದ ಕೇಳೋಕೆ ಗಟ್ಟಿಯಾಗೇ ಇದೆ.

ಗುರುತು ಸ್ಕ್ರೀನಿನ ಮೂಲೆಯಲ್ಲೇ ಇತ್ತು. ಬೋರ್ಡು ಎದ್ದಾಗ ಗಡಿಯಾರ ನೋಡಿದೆ. ಜನವರಿ 1, 2009.

ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ ನಾಣ್ಯದಂಥ ಒಂದು ಬ್ಯಾಟರಿ ಇರುತ್ತೆ. ಸಾಮಾನ್ಯವಾಗಿ ಸಿಆರ್2032, 3 ವೋಲ್ಟ್, 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಹೆಸರಿನ ಅಂಕಿಯೇ ಅದರ ಅಳತೆ. ಪ್ಲಗ್ ಕಿತ್ತಾಗಲೂ ಗಡಿಯಾರ ನಡೆಸೋದು ಅದೇ. ಹಳೇ ಮಾದರಿಯ ಮದರ್‌ಬೋರ್ಡುಗಳಲ್ಲಿ ಬಯೋಸ್ ಸೆಟ್ಟಿಂಗ್ ನೆನಪಿಡೋದೂ ಅದೇ.

ಈಗ ಸರಪಳಿ ಜೋಡಿಸ್ರಿ. ಧನುರ್ಮಾಸದಲ್ಲಿ ಮದುವೆ ಇಲ್ಲ. ಬೋರ್ಡು ಒಂದು ತಿಂಗಳು ಗೋದಾಮಿನಲ್ಲಿ ಪ್ಲಗ್ ಇಲ್ಲದೆ ಕೂತಿತ್ತು. ಹಳೇ ಬ್ಯಾಟರಿ ಆ ತಿಂಗಳಲ್ಲಿ ಸತ್ತಿತು. ಸತ್ತ ಕೂಡಲೇ ಗಡಿಯಾರ ಹಿಂದಕ್ಕೆ ಹೋಯ್ತು, ಬಯೋಸ್ ತನ್ನ ಕಾರ್ಖಾನೆ ಸೆಟ್ಟಿಂಗಿಗೆ ಮರಳಿತು. ಬೋರ್ಡು ಮಾಡಿದವರು "ಮೊದಲು ಒಳಗಿನ ಡಿಸ್ಕ್" ಅಂತ ಇಟ್ಟಿದ್ದ ಪಟ್ಟಿ ಅಳಿಸಿ "ಮೊದಲು ಯುಎಸ್‌ಬಿ" ಆಯ್ತು. ಮೂರು ವರ್ಷ ಸುಮ್ಮನೆ ಕೂತಿದ್ದ ಡಿಸ್ಕ್ ಅವತ್ತು ಸಾಲಿನಲ್ಲಿ ಮುಂದೆ ಬಂದು ನಿಂತಿತು.

ಮರುದಿನ ಅಂಗಡಿಯಲ್ಲಿ, ಆಪರೇಟರ್ ಅಣ್ಣ ಬಂದ ಮೇಲೆ, ಲೆಕ್ಕ ತಾಳೆ ನೋಡೋ ಹಂಗೆ ಪರೀಕ್ಷೆ ಮಾಡಿದ್ವಿ. ಪೆನ್‌ಡ್ರೈವ್ ಒಂದೇ ಹಾಕಿ ಆನ್ ಮಾಡಿದ್ವಿ: ಎದ್ದಿತು. ಹಾರ್ಡ್ ಡಿಸ್ಕ್ ಒಂದೇ ಹಾಕಿ: ಅದೇ ಬಿಳಿ ಅಕ್ಷರ. ಬ್ಯಾಟರಿ ಬದಲಿಸಿ, ಬಯೋಸ್‌ನಲ್ಲಿ ತಾರೀಖು ಮತ್ತು ಪಟ್ಟಿ ಸರಿ ಮಾಡಿ, ಎರಡೂ ಹಾಕಿ: ಎದ್ದಿತು.

ತಮ್ಮ ಪಕ್ಕದಲ್ಲೇ ನಿಂತು ಮೂರೂ ನೋಡಿದ. ಮಾಲೀಕರೂ ನೋಡಿದ್ರು.

ಭಾಗ 7/8

ಇದು ಸೇವ್ ಮಾಡೋ ಪೋಸ್ಟ್. ಹೊರಗಿನ ಡ್ರೈವ್ ಇರೋ ಬೋರ್ಡಿಗೆ (ಲ್ಯಾಪ್‌ಟಾಪಿಗೂ) ನೆನಪಿಡಬೇಕಾದ್ದು:

1. ಬೋರ್ಡು ಆನ್ ಮಾಡೋವಾಗ ಯಾವ ಡ್ರೈವೂ ಬ್ಯಾಡ. ಪೂರ್ತಿ ಎದ್ದು ಶೋ ಸ್ಕ್ರೀನ್ ಬಂದ ಮೇಲೆ ಚುಚ್ಚರಿ.

2. ಏಳಲಿಲ್ಲ ಅಂದ್ರ ಎಲ್ಲಾ ಬಿಚ್ಚಿ ಬರೇ ಬೋರ್ಡು. ಎದ್ದರೆ ಒಂದೊಂದೇ ವಾಪಸ್ ಹಾಕ್ರಿ, ಪ್ರತಿ ಸಲ ಹೊಸದಾಗಿ ಆನ್ ಮಾಡಿ ನೋಡ್ರಿ. ಎರಡು ಒಟ್ಟಿಗೆ ಹಾಕಿದ್ರ ಯಾವುದು ಕಾರಣ ಅಂತ ಗೊತ್ತಾಗಲ್ಲ.

3. ಸ್ಕ್ರೀನಿನ ಮೇಲೆ ಅಕ್ಷರ ಬಂದ್ರ ಮೊದಲು ಫೋಟೋ ಹೊಡೀರಿ. ಆಮೇಲೆ ಓದ್ರಿ. ಯಾವ ಡಿಸ್ಕಿನ ಬಗ್ಗೆ ಹೇಳ್ತಿದೆ ಅಂತ ಕೇಳ್ಕೊಳ್ರಿ.

4. ಗಡಿಯಾರ ತಪ್ಪಿದ್ರ ಬ್ಯಾಟರಿ ಮೇಲೆ ಸಂಶಯ ಇರ್ಲಿ. ಬದಲಿಸೋ ಮೊದಲು ಪ್ಲಗ್ ಕಿತ್ತಿರಬೇಕು, ತೆರೆಯೋರು ಗೊತ್ತಿದ್ದವರಾಗಿರಬೇಕು. ಜಾತ್ರೆ ಧೂಳಿನಲ್ಲಿ ತೆರೀಬ್ಯಾಡ್ರಿ. ಬೋರ್ಡು ಸರಿ ಇದ್ದಾಗಲೇ ಬಯೋಸ್ ಪುಟಗಳ ಫೋಟೋ ತೆಗೆದಿಟ್ಕೊಳ್ರಿ.

5. ಬಯೋಸ್ ಪಟ್ಟಿಯಲ್ಲಿ ಒಳಗಿನ ಡಿಸ್ಕ್ ಮೊದಲು. ಯುಎಸ್‌ಬಿಯಿಂದ ಬೂಟ್ ಆಗೋದನ್ನ ಬಂದ್ ಮಾಡೋ ಆಯ್ಕೆ ಇದ್ರ ಬಂದ್ ಮಾಡ್ರಿ.

6. ತಿರುಗೋ ಹಾರ್ಡ್ ಡಿಸ್ಕ್ ಕರೆಂಟ್ ಕುಡಿಯುತ್ತೆ. ಯುಎಸ್‌ಬಿ 2.0 ಪೋರ್ಟ್ ಕೊಡೋದು 500 ಮಿಲಿಆಂಪ್, 3.0 ಪೋರ್ಟ್ 900. ಶುರುವಿನಲ್ಲಿ ಡಿಸ್ಕಿಗೆ ಅದಕ್ಕಿಂತ ಹೆಚ್ಚು ಬೇಕಾಗಬಹುದು. ಅದೇ ಹಬ್ಬಿಗೆ ದೀಪ, ಫೋನ್ ಚಾರ್ಜರ್ ಎಲ್ಲಾ ಸೇರಿದ್ರ ಬೋರ್ಡು ತಡವರಿಸುತ್ತೆ. ಬೋರ್ಡಿನ ಪೋರ್ಟ್ ಫೋನ್ ಚಾರ್ಜ್ ಮಾಡೋಕಲ್ಲ ದೋಸ್ತ್.

7. ಶೋ ಫೈಲಿಗೆ ಸಣ್ಣ ಪೆನ್‌ಡ್ರೈವ್ ಸಾಕು. 8 ಅಥವಾ 16 ಜಿಬಿ, ಎಫ್‌ಎಟಿ32 ಫಾರ್ಮ್ಯಾಟ್. ಸಾಮಾನ್ಯವಾಗಿ ಎಲ್ಲಾ ಬೋರ್ಡೂ ಓದುತ್ತೆ. ಹಾಡು, ಸಿನಿಮಾ, ಮದುವೆ ಫೋಟೋ ಅದರಲ್ಲಿ ತುಂಬಬ್ಯಾಡ್ರಿ.

8. ಹಳೇ ಲ್ಯಾಪ್‌ಟಾಪಿನ ಡಿಸ್ಕನ್ನ ಹೊರಗೆ ಬಳಸೋದಿದ್ರ ಫೈಲ್ ಅಳಿಸಿದ್ರ ಸಾಲದು. ಪಾರ್ಟಿಷನ್ ಎಲ್ಲಾ ತೆಗೆದು ಹೊಸದಾಗಿ ಫಾರ್ಮ್ಯಾಟ್ ಮಾಡ್ರಿ. ಬೇಕಾದ್ದು ಮೊದಲೇ ಬೇರೆ ಕಡೆ ಕಾಪಿ ಇರ್ಲಿ.

9. ಆಫ್ ಮಾಡೋವಾಗ ಸಾಫ್ಟ್‌ವೇರಿನಿಂದಲೇ ಆಫ್. ನಾಟಕ ಮುಗೀತು ಅಂತ ಜನರೇಟರ್ ಅಣ್ಣ ಒಮ್ಮೆಲೇ ಬಂದ್ ಮಾಡ್ತಾರ. ಅದಕ್ಕೆ ಬೋರ್ಡಿಗೆ ಒಂದು ಯುಪಿಎಸ್ ಬೇಕೇ ಬೇಕು.

10. ಕೆಲಸ ಇಲ್ಲದ ತಿಂಗಳಲ್ಲೂ ವಾರಕ್ಕೊಮ್ಮೆ ಬೋರ್ಡು ಆನ್ ಮಾಡ್ರಿ. ರೋಗ ಗೋದಾಮಿನಲ್ಲೇ ಗೊತ್ತಾಗ್ಲಿ, ಜಾತ್ರೆಯಲ್ಲಿ ಬ್ಯಾಡ.

ಭಾಗ 8/8

ಕೊನೆಯದು ಲೆಕ್ಕದ ಪುಸ್ತಕದ್ದು.

ಆ ಭಾನುವಾರ ಜನವರಿ ಪಗಾರದ ಪುಟ ತೆರೆದು ಕೂತೆ. ಒಬ್ಬೊಬ್ಬರ ಹೆಸರು, ದಿನ, ಅಡ್ವಾನ್ಸ್, ಕಡಿತ. ತಮ್ಮನ ಸಾಲಿಗೆ ಬಂದಾಗ ಪೆನ್ ನಿಲ್ಲಿಸಿ ಕೇಳಿದೆ, "ಅಣ್ಣಾರ, ಇವಂಗ ಕಡಿತ ಎಷ್ಟು ಬರೀಲಿ?"

ನನಗೆ ಗೊತ್ತಿತ್ತು ಏನು ಬರೀಬೇಕು ಅಂತ. ಆದ್ರೂ ಅವರ ಬಾಯಿಂದಲೇ ಬರಬೇಕಿತ್ತು. ಬೈದದ್ದು ಎಲ್ಲರೆದುರಿಗೆ. ಬಿಟ್ಟದ್ದು ಪುಸ್ತಕದಲ್ಲಾದ್ರೂ ಇರಬೇಕಲ್ಲ?

ಸ್ವಲ್ಪ ಹೊತ್ತು ಫೋನ್ ನೋಡ್ತಾ ಕೂತ್ರು. ಆಮೇಲೆ "ಎಂಥಾ ಕಡಿತಲೇ, ಸೊನ್ನೆ ಬರಿ" ಅಂದ್ರು. ಇನ್ನೊಂದು ನಿಮಿಷ ಬಿಟ್ಟು, "ಎಂಟು ಪಾರ್ ಹತ್ತಿಸಿದ್ನಲ್ಲ, ಅವತ್ತಿನ ಭತ್ಯೆ ಒಂದು ದಿನದ್ದು ಜಾಸ್ತಿ ಹಾಕು" ಅಂದ್ರು. ತಪ್ಪಾಯ್ತು ಅನ್ನೋ ಮಾತು ಬರಲಿಲ್ಲ. ನಮ್ಮ ಕಡೆ ದೊಡ್ಡವರ ಬಾಯಿಂದ ಆ ಮಾತು ಸುಲಭಕ್ಕೆ ಬರಲ್ಲ, ಬೇರೆ ರೂಪದಲ್ಲಿ ಬರುತ್ತೆ. ನಾನು ಬರೆದುಕೊಂಡೆ. ಅದರ ಕೆಳಗೆ ರಿಪೇರಿ ಖರ್ಚಿನಲ್ಲಿ ಇನ್ನೊಂದು ಸಾಲು: ಬ್ಯಾಟರಿ, ರೂ. 40.

ನಲವತ್ತು ರೂಪಾಯಿ ಬ್ಯಾಟರಿ ಸತ್ತದ್ದಕ್ಕೆ ಒಂದು ತಿಂಗಳ ಪಗಾರ ಹೋಗೋದಿತ್ತು. ಆ ಪಗಾರದಲ್ಲಿ ಅವರ ಅವ್ವನ ಔಷಧಿ ಇದೆ, ತಂಗಿ ಶಾಲೆಯ ಬಸ್ ಪಾಸ್ ಇದೆ. ಆ ಹುಡುಗ ಅವತ್ತೇ ಕೆಲಸ ಬಿಟ್ಟು ಹೋಗಿದ್ರ, ಊರಲ್ಲಿ "ಬೋರ್ಡು ಸುಟ್ಟವ" ಅಂತ ಹೆಸರು ಬಿದ್ದಿರೋದು. ಬೇರೆ ಯಾವ ಮಾಲೀಕರೂ ಕರೀತಿರಲಿಲ್ಲ. ಅದಕ್ಕೇ ಹೇಳೋದು, ಕಾರಣ ಹುಡುಕೋದು ಬರೇ ಮಷಿನ್ ರಿಪೇರಿಯ ಕೆಲಸ ಅಲ್ಲ.

ಒಂದು ಸಲ ನಿಮ್ಮ ಸುತ್ತ ನೋಡ್ರಿ. ಅಂಗಡಿಯಲ್ಲಿ ಗಲ್ಲೆ ಲೆಕ್ಕ ಕಮ್ಮಿ ಬಂದ್ರ ಯಾರ ಕಡೆ ಕಣ್ಣು ಹೋಗುತ್ತೆ? ಹಾಸ್ಟೆಲಿನಲ್ಲಿ ಏನಾದ್ರೂ ಕಳೆದ್ರ? ಮನೆಯಲ್ಲಿ ಟಿವಿ ಕೆಟ್ಟಾಗ? ಕೊನೆಗೆ ಮುಟ್ಟಿದವ ಯಾರು ಅಂತ ಕೇಳ್ತೀವಿ. ಮೊದಲಿಂದ ಏನೇನು ಅಂಟಿಕೊಂಡಿದೆ ಅಂತ ಕೇಳಲ್ಲ.

ಈಗ ನಮ್ಮ ಬೋರ್ಡಿನ ಮುಚ್ಚಳದ ಒಳಗೆ ಒಂದು ಕಾಗದ ಅಂಟಿದೆ. ಹಿಂದಿನ ಪೋಸ್ಟಿನ ಹತ್ತು ಸಾಲು ಅದರಲ್ಲಿದೆ, ತಮ್ಮನ ಅಕ್ಷರದಲ್ಲಿ. ಪ್ರತಿ ಕೆಲಸಕ್ಕೂ ಅದನ್ನ ಓದಿ ಗೀಟು ಹಾಕೋ ಜವಾಬ್ದಾರಿ ಅವನದೇ. ಪೆನ್‌ಡ್ರೈವ್ ಯಾವಾಗ ಚುಚ್ಚಬೇಕು ಅಂತ ಈಗ ಮಾಲೀಕರಿಗೂ ಅವನೇ ಹೇಳ್ತಾನ, "ಇನ್ನೂ ಎದ್ದಿಲ್ರಿ ಅಣ್ಣಾರ, ತಡೀರಿ" ಅಂತ. ಅವರು ತಡೀತಾರ.

ಮುಂದಿನ ಸರಣಿ ಜನರೇಟರ್ ಮತ್ತು ಅರ್ಥಿಂಗ್ ಬಗ್ಗೆ. ಸ್ಟೇಜಿನ ಮೈಕ್ ಮುಟ್ಟಿದಾಗ ಝುಮ್ ಅಂದ ಅನುಭವ ಇದ್ದವರು ಕಾಮೆಂಟ್ ಮಾಡ್ರಿ. ನಾಡಿದ್ದು ಕಾಸ್ಟ್ ಅಕೌಂಟಿಂಗ್ ಇಂಟರ್ನಲ್ಸ್ ಐತಿ, ಅದು ಮುಗಿದ ಮೇಲೆ ಹಾಕ್ತೀನಿ.

#ಕೊಪ್ಪಳ #ಗಂಗಾವತಿ #ಯಲಬುರ್ಗಾ #ಕುಷ್ಟಗಿ #ಬೋರ್ಡಿನಹಿಂದೆ #ಜಾತ್ರೆನಾಟಕ #ಬಿಕಾಂಹುಡುಗ